ನಡುವಿನ ಸೊನ್ನೆ



ದಿನವೂ ಒಂದೇ ಲೋಕಲ್ ಹಿಡಿಯುವ ಮುಂಬಯಿಗರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಡೊಂಬಿವಿಲಿಯಲ್ಲಿ ಅದೇ ಹೊತ್ತಿನ ಗಾಡಿ, ಅದೇ ಡಬ್ಬ, ಅದೇ ಬಾಗಿಲು. ವರ್ಷ ತುಂಬುವಷ್ಟರಲ್ಲಿ ಹೆಸರೇ ತಿಳಿಯದ ಎಷ್ಟೋ ಮುಖಗಳು ನಮ್ಮವಾಗಿಬಿಡುತ್ತವೆ. ಕಿಟಕಿ ಪಕ್ಕದ ಬಿಳಿ ಮೀಸೆಯವರು ನಾಲ್ಕು ದಿನ ಕಾಣದಿದ್ದರೆ ಮನಸ್ಸಿಗೆ ಏನೋ ಕಸಿವಿಸಿ. ಊರಿಗೆ ಹೋದರೋ, ಕೆಲಸದಿಂದ ನಿವೃತ್ತರಾದರೋ, ಅಥವಾ ಕೇಳಬಾರದ್ದು ಏನಾದರೂ ಆಯಿತೋ ಎಂಬ ಚಿಂತೆ.

ಆ ಡಬ್ಬದಲ್ಲಿ ನಿತ್ಯ ಓಡಾಡುವವರು ಒಟ್ಟು ಎಷ್ಟು ಮಂದಿ? ತಲೆ ಎಣಿಸಿ ಮುಗಿಯುವ ಕೆಲಸ ಅದಲ್ಲ. ಒಬ್ಬರ ಹಿಂದೆ ಒಬ್ಬರು ಮರೆಯಾಗಿರುತ್ತಾರೆ, ಠಾಣೆಯಲ್ಲಿ ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಆದರೂ ಒಂದು ಉಪಾಯವಿದೆ. ಸೋಮವಾರ 40 ಮುಖಗಳನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿ. ಗುರುವಾರ ಅದೇ ಡಬ್ಬದಲ್ಲಿ ಕಣ್ಣಿಗೆ ಬಿದ್ದ 50 ಮುಖಗಳನ್ನು ನೋಡಿ. ಆ 50ರಲ್ಲಿ 10 ಸೋಮವಾರದ ಮುಖಗಳೇ ಆಗಿದ್ದರೆ ಐವರಲ್ಲಿ ಒಬ್ಬರು ಗುರುತಿನವರು ಎಂದಾಯಿತು. ಹಾಗಾದರೆ ನೀವು ಗುರುತಿಟ್ಟ 40 ಮಂದಿ ಒಟ್ಟು ಜನರ ಐದನೆಯ ಒಂದು ಪಾಲು. ಒಟ್ಟು ಸುಮಾರು 200 ಮಂದಿ. ನೀವು ನೋಡದೇ ಇದ್ದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ ಎಂಬುದನ್ನು ಗಮನಿಸಿ.

ಹಕ್ಕಿಗಳ ಸಂಖ್ಯೆಯನ್ನು ಅಳೆಯುವವರು ಮಾಡುವುದು ಇದನ್ನೇ. ಹಿಡಿ, ಗುರುತು ಹಾಕು, ಬಿಡು, ಮತ್ತೆ ಹಿಡಿ. ಡೆನ್ಮಾರ್ಕಿನಲ್ಲಿ ಪೀಟರ್ಸನ್ ಎಂಬವರು 1896ರಲ್ಲಿ ಮೀನುಗಳಿಗೆ ಗುರುತು ಹಾಕಿ ಇದೇ ದಾರಿ ಹಿಡಿದರು. 1899ರಲ್ಲಿ ಅದೇ ದೇಶದ ವಿಬೋರ್ಗ್ ಎಂಬ ಊರಿನ ಶಾಲಾ ಮೇಷ್ಟರು ಮಾರ್ಟೆನ್ಸನ್, ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ವಿಳಾಸ ಮತ್ತು ಸಂಖ್ಯೆ ಕೆತ್ತಿದ ಲೋಹದ ಉಂಗುರ ತೊಡಿಸಿದರು. 1930ರಲ್ಲಿ ಅಮೆರಿಕದ ಫ್ರೆಡರಿಕ್ ಲಿಂಕನ್, ಬೇಟೆಗಾರರು ಹಿಂದಿರುಗಿಸಿದ ಉಂಗುರಗಳಿಂದ ಇಡೀ ಉತ್ತರ ಅಮೆರಿಕದ ಬಾತುಗಳ ಅಂದಾಜು ಕಟ್ಟಿದರು. ಹೀಗೆ ಮೀನಿನ ಲೆಕ್ಕ, ಉಂಗುರದ ಕಾಲು, ಪೆನ್ಸಿಲ್ಲಿನ ಭಾಗಾಕಾರ ಒಂದೆಡೆ ಸೇರಿದವು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮನೆ ಎಂದರೆ ಮುಂಬಯಿಯೇ. ಕೊಲಾಬಾ ಕಡೆಗೆ ಹೋಗುವ ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ, ನೌಕಾಪಡೆಯ ಲಯನ್ ಗೇಟಿನ ಎದುರು ಹಾರ್ನ್‌ಬಿಲ್ ಹೌಸ್ ಎಂಬ ಕಟ್ಟಡವಿದೆ. 1883ರಲ್ಲಿ ಎಂಟು ಮಂದಿ ಸೇರಿ ಕಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನೆಲೆ ಅದು. ಉಂಗುರದ ಕೆಲಸ ಅಲ್ಲಿ 1920ರ ದಶಕದಲ್ಲೇ, ಧಾರ್ ಸಂಸ್ಥಾನದ ಮಹಾರಾಜರ ಆಸಕ್ತಿಯಿಂದ ಸಣ್ಣದಾಗಿ ಶುರುವಾಗಿತ್ತು. ಇದೇ ಊರಿನಲ್ಲಿ ಹುಟ್ಟಿದ ಸಲೀಂ ಅಲಿ ಬರ್ಲಿನ್ನಿನಲ್ಲಿ ಪಕ್ಷಿತಜ್ಞ ಸ್ಟ್ರೆಸೆಮಾನ್ ಅವರ ಕೈಕೆಳಗೆ ಕಲಿತರು, ಹೆಲಿಗೋಲ್ಯಾಂಡ್ ದ್ವೀಪದ ಕೇಂದ್ರದಲ್ಲಿ ಉಂಗುರ ತೊಡಿಸುವ ಪಾಠ ಕಲಿತು ಬಂದರು. ಆದರೆ ದೊಡ್ಡ ಪ್ರಮಾಣದಲ್ಲಿ ಆ ಕೆಲಸ ಕೈಗೂಡಲು ಹಣ ಬೇಕಿತ್ತು. ಆ ಹಣ ಬಂದದ್ದು ನಮ್ಮ ಮಲೆನಾಡಿನ ಒಂದು ಸಂಕಟದ ಬೆನ್ನಿಗೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಕಾಡಿಗೆ ಹೋಗಿ ಬಂದ ಜನ ಜ್ವರ ಹಿಡಿದು ಮಲಗಿದರು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ರಷ್ಯಾ, ಸೈಬೀರಿಯಾಗಳ ಉಣ್ಣೆಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಅಷ್ಟು ದೂರದ್ದು ಸೊರಬಕ್ಕೆ ಬಂದದ್ದು ಹೇಗೆ? ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಗಳಲ್ಲಿ ಬಂದಿರಬಹುದೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿಯವರ ಮುಂದಾಳತನದಲ್ಲಿ ಹಕ್ಕಿ ವಲಸೆಯ ಅಧ್ಯಯನ ಶುರುವಾಯಿತು. ಕಛ್‌ನಲ್ಲಿ, ಭರತಪುರದಲ್ಲಿ, ತಮಿಳುನಾಡಿನ ಕೋಡಿಕ್ಕರೈಯಲ್ಲಿ ಬಲೆಗಳು ಎದ್ದವು. ಹಿಡಿದ ಹಕ್ಕಿಯ ರಕ್ತ ತೆಗೆದರು, ಉಣ್ಣೆ ಹೆಕ್ಕಿದರು, ಕಾಲಿಗೆ ಉಂಗುರ ಹಾಕಿ ಬಿಟ್ಟರು. ಕೊನೆಗೆ ಮಂಗನ ಕಾಯಿಲೆಯ ಹೊಣೆ ಈ ಅತಿಥಿಗಳ ಮೇಲೆ ನಿಲ್ಲಲಿಲ್ಲ. ಅದು ನಮ್ಮ ಕಾಡಿನ ಉಣ್ಣೆಯಲ್ಲೇ ಬೇರೂರಿದ ರೋಗ. ಸೊರಬದಲ್ಲಿ, ಸಾಗರದಲ್ಲಿ, ತೀರ್ಥಹಳ್ಳಿಯಲ್ಲಿ ಜನ ಇಂದಿಗೂ ಅದರ ಭಯದಲ್ಲೇ ದರಕು ತರಲು ಹೋಗುತ್ತಾರೆ. ಅವರ ನೋವಿನಿಂದ ಹುಟ್ಟಿದ ಶಂಕೆಯೊಂದು ಭಾರತದ ಲಕ್ಷಗಟ್ಟಲೆ ಹಕ್ಕಿಗಳ ಕಾಲಿಗೆ ಉಂಗುರವಾಯಿತು ಎಂಬುದನ್ನು ನಾವು ಕನ್ನಡಿಗರಾದರೂ ನೆನಪಿಡಬೇಕು.

ಆ ಉಂಗುರಗಳ ಮೇಲೆ ಒಂದು ಸಂಖ್ಯೆ, ಜೊತೆಗೆ ಇಂಗ್ಲಿಷಿನಲ್ಲಿ ‘ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ’ ಎಂಬ ಒಕ್ಕಣೆ. ಈ ಊರು ಹೆಸರು ಬದಲಿಸಿದರೂ ಅದರ ಹಳೆಯ ಹೆಸರು ಹಕ್ಕಿಗಳ ಕಾಲಲ್ಲಿ ಮಧ್ಯ ಏಷ್ಯಾದವರೆಗೆ ಹಾರುತ್ತಲೇ ಇದೆ.

ಇನ್ನು ನಿಮ್ಮನ್ನು ಠಾಣೆ ಖಾಡಿಯ, ಅಂದರೆ ಕ್ರೀಕಿನ, ಅಂಚಿಗೆ ಕರೆದುಕೊಂಡು ಹೋಗುತ್ತೇನೆ. ಮುಲುಂಡ್, ಭಾಂಡುಪ್, ಕಾಂಜೂರ್‌ಮಾರ್ಗದ ಪೂರ್ವಕ್ಕೆ ಹೆದ್ದಾರಿ ದಾಟಿದರೆ ಉಪ್ಪಿನ ಆಗರಗಳು, ಅವುಗಳಾಚೆ ಕಾಂಡ್ಲಾ ಗಿಡಗಳು, ಅದರಾಚೆ ಕೆಸರು. ಉಬ್ಬರ ಏರಿದಾಗ ಕೆಸರು ಮುಳುಗುತ್ತದೆ. ಅಷ್ಟು ಹೊತ್ತೂ ಅಲ್ಲಿ ಮೇಯುತ್ತಿದ್ದ ಸಣ್ಣ ಹಕ್ಕಿಗಳು ಕಾಲೂರಲು ಆಗರಗಳ ಬದುಗಳಿಗೆ ಬರುತ್ತವೆ. ಅಮಾವಾಸ್ಯೆಯ ಆಸುಪಾಸಿನ ಕತ್ತಲಲ್ಲಿ, ಕೂದಲಿನಷ್ಟು ತೆಳುವಾದ ನೂಲಿನ ಬಲೆಯನ್ನು ಬಿದಿರ ಗಳಕ್ಕೆ ಕಟ್ಟಿ ನೀರಿನ ಮೇಲೆ ನಿಲ್ಲಿಸುತ್ತಾರೆ. ಮಿಸ್ಟ್ ನೆಟ್ ಎಂದೇ ಎಲ್ಲರೂ ಹೇಳುವುದು. ಹಕ್ಕಿಗೆ ಅದು ಕಾಣುವುದಿಲ್ಲ, ಬಂದು ತಾಗಿ ಬಲೆಯ ಜೋಳಿಗೆಗೆ ಜಾರುತ್ತದೆ. ಇದಕ್ಕೆಲ್ಲ ವನ್ಯಜೀವಿ ಕಾಯಿದೆಯಡಿ ಸರಕಾರದ ಅನುಮತಿ ಬೇಕು, ತರಬೇತಿ ಬೇಕು. ಕಂಡವರು ಕೈ ಹಾಕುವ ಕೆಲಸವಲ್ಲ.

ಹಿಡಿಯುವ ವಿದ್ಯೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಪ್ರಬಂಧಗಳಲ್ಲಿ ವಿಜ್ಞಾನಿಗಳ ಹೆಸರು ಬರುತ್ತದೆ, ಆದರೆ ಹಕ್ಕಿಗೆ ನೋವಾಗದಂತೆ ಹಿಡಿಯುವ ಕೈ ಬಹುತೇಕ ಬೇರೆಯವರದು. ಬಿಹಾರದ ಮೀರ್‌ಶಿಕಾರ್ ಸಮುದಾಯದವರು ತಲೆಮಾರುಗಳಿಂದ ಹಕ್ಕಿ ಹಿಡಿದು ಬದುಕಿದವರು. ಆ ಸಮುದಾಯದ ಅಲಿ ಹುಸೇನ್ ಸೊಸೈಟಿಯ ಜೊತೆ ದಶಕಗಳ ಕಾಲ ದುಡಿದರು. ಗದ್ದೆಯ ಬದುವಿನಲ್ಲಿ ಹಕ್ಕಿಯ ಹೆಜ್ಜೆ ನೋಡಿ ಅದು ನಾಳೆ ಎಲ್ಲಿ ಕಾಲಿಡುತ್ತದೆಂದು ಹೇಳಬಲ್ಲ ಇಂಥವರ ಜ್ಞಾನದ ಮೇಲೆ ಭಾರತದ ಉಂಗುರದ ಲೆಕ್ಕ ನಿಂತಿದೆ. ಅವರ ಹೆಸರು ಇನ್ನೂ ದೊಡ್ಡದಾಗಿ ಕೇಳಿಬರಬೇಕಿತ್ತು ಎಂಬುದು ನನ್ನ ಅನಿಸಿಕೆ.

ಆಗರದ ಬದುವಿನಲ್ಲಿ ಅಂಥ ಒಂದು ಬಲೆಯ ರಾತ್ರಿ ನನ್ನ ಪಾಲಿಗೆ ಬಂದದ್ದು ಬರೆಯುವ ಕೆಲಸ. ಹಣೆಗೆ ಕಟ್ಟಿದ ಟಾರ್ಚಿನ ಬೆಳಕಲ್ಲಿ ಉಂಗುರ ಹಾಕುವವರು ಬಟ್ಟೆಯ ಚೀಲಕ್ಕೆ ಕೈ ಹಾಕಿ ಒಂದು ಹಕ್ಕಿಯನ್ನು ಹೊರತೆಗೆದರು. ಲಿಟಲ್ ಸ್ಟಿಂಟ್. ಅದರ ಕತ್ತು ಅವರ ತೋರುಬೆರಳು ಮತ್ತು ನಡುಬೆರಳಿನ ನಡುವೆ ಸಡಿಲವಾಗಿ ನಿಂತಿತ್ತು, ಬೆನ್ನು ಅಂಗೈಗೆ ಒರಗಿತ್ತು. ಇಡೀ ಹಕ್ಕಿ 25 ಗ್ರಾಮಿನ ಆಸುಪಾಸು, ಅಂದರೆ ಒಂದು ನಿಂಬೆಹಣ್ಣಿಗಿಂತ ಹಗುರ. ಅದು ಮರಿಯಾಗಿ ಕಣ್ಣು ಬಿಟ್ಟ ಜಾಗ ಉತ್ತರ ಧ್ರುವದಂಚಿನ ಹುಲ್ಲುನೆಲ. ಇಕ್ಕಳದಲ್ಲಿ ಉಂಗುರವನ್ನು ಕಾಲಿಗೆ ಕೂಡಿಸಿ ಒತ್ತಿದರು, ಉಗುರಿನ ತುದಿಯಿಂದ ತಿರುಗಿಸಿ ನೋಡಿದರು. ಸಲೀಸಾಗಿ ತಿರುಗಬೇಕು, ಕೀಲಿಗೆ ಸಿಕ್ಕಬಾರದು, ಅಂಚಿನಲ್ಲಿ ಕೂದಲೆಳೆಯ ಸಂದೂ ಇರಬಾರದು. ಆಮೇಲೆ ರೆಕ್ಕೆಯ ಉದ್ದ, ಕೊಕ್ಕಿನ ಉದ್ದ, ಯಾವ ಪುಕ್ಕ ಹಳತು, ಯಾವುದು ಹೊಸತು, ತೂಕ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಸಂಖ್ಯೆಯನ್ನು ಮಾತ್ರ ನಾನು ತಿರುಗಿ ಓದಿ ಹೇಳಬೇಕು, ಅವರು ಉಂಗುರ ನೋಡಿ ಹೂಂಗುಟ್ಟಬೇಕು. ಒಂದು ಅಂಕಿ ತಪ್ಪಿದರೆ ಒಂದು ಹಕ್ಕಿ ಸತ್ತು ಇನ್ನೊಂದು ಹುಟ್ಟಿದಂತೆ.

ಆರೋ ಏಳೋ ಹಕ್ಕಿಗಳಾದ ಮೇಲೆ ಚೀಲದಿಂದ ಕೈ ಹೊರತೆಗೆದವರು ಸುಮ್ಮನಾದರು. ಆಮೇಲೆ ಮೆಲ್ಲಗೆ, “ರೀಟ್ರ್ಯಾಪ್” ಅಂದರು.

ಕಾಲಲ್ಲಿ ಆಗಲೇ ಉಂಗುರವಿತ್ತು. ಮೂರು ಚಳಿಗಾಲಗಳ ಹಿಂದೆ, ಅದೇ ಆಗರದ ಬದುವಿನಲ್ಲಿ ತೊಡಿಸಿದ್ದು. ಹಳೆಯ ಪುಸ್ತಕದಲ್ಲಿ ಬೇರೆ ಯಾರದೋ ಕೈಬರಹದಲ್ಲಿ ಆ ಸಂಖ್ಯೆ ಇತ್ತು. ನಡುವಿನ ವರ್ಷಗಳಲ್ಲಿ ಅದು ಆರ್ಕ್‌ಟಿಕ್‌ಗೆ ಹೋಗಿ ಬಂದು, ಹೋಗಿ ಬಂದು ಮಾಡಿದೆ. ನಮ್ಮ ಬಲೆಗೆ ಮಾತ್ರ ಬಿದ್ದಿರಲಿಲ್ಲ. ಅದರ ಎದೆಬಡಿತ ಎಷ್ಟು ಬಿರುಸೆಂದರೆ ಹಿಡಿದವರ ಬೆರಳೂ ಸಣ್ಣಗೆ ನಡುಗುವಂತೆ ಕಂಡಿತು. ನಾನು ಆ ಸಾಲಿನ ಮುಂದೆ ‘ಆರ್’ ಎಂದು ಬರೆದು ತಾರೀಖು ಹಾಕಿದೆ.

ಆ ಸಾಲನ್ನು ಗಣಿತದವರು ಹೀಗೆ ಬರೆಯುತ್ತಾರೆ: 1, 0, 0, 1. ಮೊದಲ ಚಳಿಗಾಲ ಸಿಕ್ಕಿತು, ಎರಡನೆಯದು ಸಿಗಲಿಲ್ಲ, ಮೂರನೆಯದೂ ಸಿಗಲಿಲ್ಲ, ನಾಲ್ಕನೆಯದು ಸಿಕ್ಕಿತು. ಒಂದೊಂದು ಹಕ್ಕಿಗೂ ಇಂಥ ಒಂದು ಸಾಲು. ನೋಡಲು ಬರಿಯ ಸೊನ್ನೆ, ಒಂದುಗಳು. ಆದರೆ ಸೊನ್ನೆಗಳಲ್ಲಿ ಎರಡು ಜಾತಿ. ಎರಡು ಒಂದುಗಳ ನಡುವೆ ಸಿಕ್ಕ ಸೊನ್ನೆಯ ಅರ್ಥ ಖಚಿತ: ಹಕ್ಕಿ ಬದುಕಿತ್ತು, ನಾವು ಕಾಣಲಿಲ್ಲ. ಸಾಲಿನ ಕೊನೆಯ ಸೊನ್ನೆಗಳಿಗೆ ಆ ಖಚಿತತೆ ಇಲ್ಲ. ಸತ್ತಿರಬಹುದು, ಬೇರೆ ಖಾಡಿ ಹಿಡಿದಿರಬಹುದು, ಅಥವಾ ಇಲ್ಲೇ ಇದ್ದು ಕಣ್ತಪ್ಪಿಸಿರಬಹುದು.

ಇಡೀ ವಿಧಾನದ ಜೀವ ಇರುವುದು ನಡುವಿನ ಆ ಸೊನ್ನೆಯಲ್ಲಿ. ಅದು ಹಕ್ಕಿಯ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ನಮ್ಮ ಬಗ್ಗೆ ಹೇಳುತ್ತದೆ, ನಾವು ಎಷ್ಟು ಕುರುಡರು ಎಂದು ಹೇಳುತ್ತದೆ. ಒಂದು ಉದಾಹರಣೆ ನೋಡಿ. ಹಿಂದೆಯೂ ಮುಂದೆಯೂ ಸಿಕ್ಕ, ಹಾಗಾಗಿ ಆ ವರ್ಷ ಬದುಕಿದ್ದವು ಎಂದು ಖಚಿತವಾಗಿ ಗೊತ್ತಿರುವ 50 ಹಕ್ಕಿಗಳಲ್ಲಿ ಆ ವರ್ಷ ನಮಗೆ ಸಿಕ್ಕಿದ್ದು 10 ಅಂದುಕೊಳ್ಳಿ. ನಮ್ಮ ಬಲೆಯ ಯೋಗ್ಯತೆ ಐದರಲ್ಲಿ ಒಂದು. ಬದುಕಿರುವ ಹಕ್ಕಿ ಒಂದು ವರ್ಷ ತಪ್ಪಿಸಿಕೊಳ್ಳುವ ಸಂಭವ ಐದರಲ್ಲಿ ನಾಲ್ಕು. ಮೂರು ವರ್ಷ ಸತತವಾಗಿ ತಪ್ಪಿಸಿಕೊಳ್ಳುವ ಸಂಭವ? ನಾಲ್ಕು ನಾಲ್ಕಲ ನಾಲ್ಕಲ 64, ಐದು ಐದಲ ಐದಲ 125. ಅರ್ಧಕ್ಕಿಂತ ತುಸು ಹೆಚ್ಚು! ಅಂದರೆ ಮೂರು ವರ್ಷ ಕಾಣದ ಹಕ್ಕಿಯನ್ನು ಸತ್ತಿದೆ ಎಂದು ಬರೆಯುವ ಹಕ್ಕು ನಮಗಿಲ್ಲ. ಅದೇ ನಮ್ಮ ನೋಟ ಐದರಲ್ಲಿ ನಾಲ್ಕನ್ನು ಕಾಣುವಷ್ಟು ಚುರುಕಾಗಿದ್ದರೆ, ಬದುಕಿರುವ ಹಕ್ಕಿ ಮೂರು ವರ್ಷ ತಪ್ಪಿಸಿಕೊಳ್ಳುವುದು 125ರಲ್ಲಿ ಒಂದು ಸಲ ಮಾತ್ರ. ಆಗ ಕೊನೆಯ ಸೊನ್ನೆಗಳನ್ನು ಕಂಡು ಚಿಂತೆಪಡಬೇಕಾಗುತ್ತದೆ.

ಬಂದು ಹೋಗುವ, ಹುಟ್ಟಿ ಸಾಯುವ ಗುಂಪುಗಳಿಗೆ ಈ ಲೆಕ್ಕವನ್ನು ಒಗ್ಗಿಸಿದವರು ಮೂವರು. ಕಾರ್ಮ್ಯಾಕ್ 1964ರಲ್ಲಿ, ಜಾಲಿ ಮತ್ತು ಸೀಬರ್ 1965ರಲ್ಲಿ. ಕಾರ್ಮ್ಯಾಕ್ ಅವರಿಗೆ ಪ್ರೇರಣೆಯಾದದ್ದು ಸ್ಕಾಟ್ಲೆಂಡಿನ ಆರ್ಕ್‌ನಿ ದ್ವೀಪಗಳಲ್ಲಿ ಗುರುತು ಹಾಕಿದ ಫಲ್ಮರ್ ಎಂಬ ಕಡಲಹಕ್ಕಿ. ಆ ಹಕ್ಕಿಗಳನ್ನು ಬದುಕಿಡೀ ಬೆನ್ನುಹತ್ತಿದ ಜಾರ್ಜ್ ಡನೆಟ್ ಅವರ ಎರಡು ಫೋಟೋಗಳಿವೆ. 1951ರಲ್ಲಿ ತೆಗೆದದ್ದರಲ್ಲಿ ತರುಣ ಡನೆಟ್ ಕೈಯಲ್ಲಿ ಒಂದು ಫಲ್ಮರ್, 1986ರಲ್ಲಿ ತೆಗೆದದ್ದರಲ್ಲಿ ವಯಸ್ಸಾದ ಡನೆಟ್ ಕೈಯಲ್ಲಿ ಅದೇ ಫಲ್ಮರ್. ಮನುಷ್ಯನ ಮುಖದಲ್ಲಿ 35 ವರ್ಷ ಕಾಣುತ್ತದೆ. ಹಕ್ಕಿಯ ವಯಸ್ಸನ್ನು ಹೇಳುವುದು ಕಾಲಿನ ಉಂಗುರ ಮಾತ್ರ.

ಇಷ್ಟು ಹೇಳಿದಾಗ ನನ್ನ ದೊಡ್ಡಮ್ಮ ಕೇಳಿದ್ದುಂಟು. “ಎಂತ ಮಾರಾಯ, ಪಾಪದ ಹಕ್ಕಿಗೆ ಬೇಡಿ ಹಾಕಿ ನಿಮಗೆ ಸಿಗುವುದೆಂತ?” ಸರಿಯಾದ ಪ್ರಶ್ನೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಹಕ್ಕಿಗೆ ಹಿಂಸೆಯಾದರೆ ಕರುಣೆ ಮಾತ್ರ ಸೋಲುವುದಿಲ್ಲ, ಲೆಕ್ಕವೂ ಕೆಡುತ್ತದೆ. ಉಂಗುರ ಹಾಕಿದವು ಹಾಕದವುಗಳಷ್ಟೇ ಬದುಕಬೇಕು, ಅಷ್ಟೇ ಓಡಾಡಬೇಕು ಎಂಬುದು ಮೊದಲ ಷರತ್ತು. ಆದ್ದರಿಂದ ಉಂಗುರ ಹಗುರವಾಗಿರಬೇಕು. ಬೆನ್ನಿಗೆ ಕಟ್ಟುವ ಉಪಕರಣವಾದರೆ ಹಕ್ಕಿಯ ತೂಕದ ನೂರರಲ್ಲಿ ಮೂರು ಪಾಲು ಮೀರದಂತೆ ನೋಡಿಕೊಳ್ಳುವುದು ವಾಡಿಕೆ. ಒಮ್ಮೆ ಬಲೆಗೆ ಬಿದ್ದ ಹಕ್ಕಿ ಬಲೆಯನ್ನು ಗುರುತಿಸಿ ದೂರವಾದರೆ ಎರಡನೆಯ ಸಲ ಕಡಿಮೆ ಸಿಗುತ್ತದೆ, ಒಟ್ಟು ಸಂಖ್ಯೆ ಇರುವುದಕ್ಕಿಂತ ಹೆಚ್ಚು ಎಂದು ತೋರುತ್ತದೆ. ಉಪ್ಪುನೀರು ಅಲ್ಯುಮಿನಿಯಮನ್ನು ತಿನ್ನುತ್ತದೆ. ಉಂಗುರ ಕಳಚಿ ಬಿದ್ದರೂ ಅದೇ ತಪ್ಪು. ಲೋಕಲ್ಲಿನ ಬಿಳಿ ಮೀಸೆಯವರು ಮೀಸೆ ತೆಗೆದು ಬಂದರೆ ನಿಮಗೆ ಅವರು ಹೊಸಬರು.

ಈ ಲೆಕ್ಕ ಮನುಷ್ಯರಿಗೂ ಸಲ್ಲುತ್ತದೆ ಎಂಬುದು ನನಗೆ ತುಂಬ ಹಿಡಿಸಿದ ಇನ್ನೊಂದು ವಿಷಯ. ಸಿ. ಚಂದ್ರಶೇಖರನ್ ಎಂಬ ಅಂಕಿಅಂಶ ತಜ್ಞರು, ಡೆಮಿಂಗ್ ಎಂಬ ಇನ್ನೊಬ್ಬ ತಜ್ಞರ ಜೊತೆ ಸೇರಿ 1949ರಲ್ಲಿ ಒಂದು ಪ್ರಬಂಧ ಬರೆದರು. ಬಂಗಾಳದ ಸಿಂಗೂರಿನಲ್ಲಿ ಹುಟ್ಟು ಸಾವುಗಳು ಎಷ್ಟು ಎಂಬುದು ಪ್ರಶ್ನೆ. ಸರಕಾರಿ ನೋಂದಣಿಯ ಪಟ್ಟಿ ಒಂದು, ಮನೆಮನೆ ತಿರುಗಿ ಮಾಡಿದ ಪಟ್ಟಿ ಇನ್ನೊಂದು. ಎರಡರಲ್ಲೂ ಇರುವ ಹೆಸರುಗಳಿಂದ, ಎರಡರಲ್ಲೂ ಬಿಟ್ಟುಹೋದ ಮಕ್ಕಳೆಷ್ಟು ಎಂದು ಅವರು ಲೆಕ್ಕ ಹಾಕಿದರು. ಬಾತುಗಳ ಲೆಕ್ಕವೂ ಅದೇ, ಮಕ್ಕಳ ಲೆಕ್ಕವೂ ಅದೇ. ಚಂದ್ರಶೇಖರನ್ ಮುಂದೆ 1950ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯದ ಹೆಸರಾಂತ ಜನಸಂಖ್ಯಾ ಅಧ್ಯಯನವನ್ನು ನಡೆಸಿದರು. ಆಮೇಲೆ ಚೆಂಬೂರಿನಲ್ಲಿ 1956ರಲ್ಲಿ ಹುಟ್ಟಿದ ಜನಸಂಖ್ಯಾ ಕೇಂದ್ರದ ನಿರ್ದೇಶಕರಾದರು. ಆ ಸಂಸ್ಥೆ ಇವತ್ತು ದೇವನಾರ್‌ನಲ್ಲಿದೆ. ಅಲ್ಲಿಂದ ರಾಜಹಂಸಗಳು ಮೇಯುವ ಮಾಹುಲ್ ಕೆಸರಿಗೆ ದೂರವೇನಿಲ್ಲ. ಎರಡು ಪಟ್ಟಿಗೂ ಸಿಗದೆ ಹೋದ ಮಗುವನ್ನು ಹುಡುಕುವ ಆ ಲೆಕ್ಕದಲ್ಲಿ ನನಗೆ ಒಂದು ಬಗೆಯ ವಾತ್ಸಲ್ಯ ಕಾಣುತ್ತದೆ.

ಗುರುತು ಹಾಕಲೇಬೇಕೆಂದಿಲ್ಲ, ಕೆಲವು ಪ್ರಾಣಿಗಳು ಹುಟ್ಟುತ್ತಲೇ ಗುರುತು ಹೊತ್ತು ಬರುತ್ತವೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಕಟ್ಟಿ, ಹುಲಿಯ ಮೈಪಟ್ಟೆಗಳನ್ನೇ ಉಂಗುರದ ಸಂಖ್ಯೆಯಂತೆ ಓದಿ, 1995ರಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಹೆಜ್ಜೆಗುರುತು ಎಣಿಸಿ ಹುಲಿ ಇಷ್ಟು ಎಂದು ಹೇಳಿಬಿಡುತ್ತಿದ್ದರು. ಮುಂದೆ ಕಾರಂತರ ಜೊತೆಗಾರರಾದ ಜೇಮ್ಸ್ ನಿಕೋಲ್ಸ್, ಅಮೆರಿಕದ ಹಕ್ಕಿ ಉಂಗುರಗಳ ಕೇಂದ್ರವಾದ ಪಟಕ್ಸೆಂಟ್‌ನಲ್ಲಿ ಇದ್ದವರು. ಬಾತಿನ ಗಣಿತ ಹೀಗೆ ಕೊಡಗು ಮೈಸೂರಿನ ಗಡಿಯ ಹುಲಿಗೆ ಬಂತು. ಹುಲಿಯಿಂದ ಅದು ಬೊರಿವಲಿಯ ಚಿರತೆಗೂ ಬಂತು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಚುಕ್ಕೆಗಳ ವಿನ್ಯಾಸ ನೋಡಿ 2015ರಲ್ಲಿ 35 ಚಿರತೆಗಳನ್ನು ಗುರುತಿಸಿದರು, 2018ರಲ್ಲಿ 47. ಗೋರೆಗಾಂವ್, ಮುಲುಂಡಿನ ಕಟ್ಟಡಗಳ ಬೆನ್ನಿಗೇ ಇವು ಬದುಕುತ್ತಿವೆ.

ಹಕ್ಕಿಗೆ ಹುಲಿಪಟ್ಟೆ ಇಲ್ಲವಲ್ಲ! ಅದಕ್ಕೇ ಈಗ ಉಂಗುರದ ಜೊತೆಗೆ ಕಾಲಿಗೆ ಬಣ್ಣದ ಸಣ್ಣ ಪತಾಕೆ ಹಾಕುತ್ತಾರೆ. ಯಾವ ಊರಿನ ತಂಡಕ್ಕೆ ಯಾವ ಬಣ್ಣ ಎಂಬ ಒಪ್ಪಂದವಿದೆ, ಮೇಲೆ ಅಕ್ಷರಗಳಿರುತ್ತವೆ. ಹೆಬ್ಬಾತುಗಳಿಗಾದರೆ ಕೊರಳಪಟ್ಟಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಕರ್ನಾಟಕದ ಕೆರೆಗಳಲ್ಲಿ ಇಳಿದಿವೆ, ನಮ್ಮ ಹಕ್ಕಿ ನೋಡುಗರು ದುರ್ಬೀನಿನಲ್ಲೇ ಆ ಅಕ್ಷರ ಓದಿ ತಿಳಿಸಿದ್ದಾರೆ. ಅಂದರೆ ಮತ್ತೆ ಹಿಡಿಯಲು ಬಲೆಯೇ ಬೇಕೆಂದಿಲ್ಲ, ಕಣ್ಣು ಸಾಕು. ಐರೋಳಿಯ ದೋಣಿಯಲ್ಲಿ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ರಾಜಹಂಸದ ಫೋಟೋ ತೆಗೆಯುವ ನೀವೂ, ಆ ಫೋಟೋದ ಮೂಲೆಯಲ್ಲಿ ಪತಾಕೆ ಇದ್ದ ಒಂದು ಕಾಲು ಸಿಕ್ಕಿದರೆ, ಯಾವುದೋ ಹಕ್ಕಿಯ ಸಾಲಿನಲ್ಲಿ ಸೊನ್ನೆಯ ಜಾಗಕ್ಕೆ ಒಂದನ್ನು ಬರೆದಂತೆ.

ರಾಜಹಂಸಗಳ ಮಾತು ಬಂತು. ಮುಂಬಯಿಯಲ್ಲಿ ಹಕ್ಕಿ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಅವೇ. 1990ರ ದಶಕದಿಂದ ಶಿವಡಿಯ ಕೆಸರಿಗೆ ಬರತೊಡಗಿದವು, ಈಚಿನ ವರ್ಷಗಳಲ್ಲಿ ಠಾಣೆ ಖಾಡಿಯ ಅಂದಾಜು ಲಕ್ಷ ದಾಟಿದ್ದೂ ಉಂಟು. ಖಾಡಿಯ ಒಂದು ಭಾಗ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಲಕ್ಷ ಎಂದ ಕೂಡಲೇ ನಮಗೆ ನೆಮ್ಮದಿ. ನನಗೆ ಆ ನೆಮ್ಮದಿಯ ಮೇಲೆ ನಂಬಿಕೆ ಇಲ್ಲ.

ಯಾಕೆಂದರೆ ರಾಜಹಂಸ ದೀರ್ಘಾಯುಷಿ, ದಶಕಗಟ್ಟಲೆ ಬದುಕುತ್ತದೆ. ಇಡುವುದು ಸಲಕ್ಕೆ ಒಂದೇ ಮೊಟ್ಟೆ, ಅದೂ ಮಳೆ, ನೀರು ಕೂಡಿಬಂದ ವರ್ಷ ಮಾತ್ರ, ಕಛ್‌ನ ರಣ್‌ನಂಥ ಕೆಲವೇ ಜಾಗಗಳಲ್ಲಿ. ಇಂಥ ಹಕ್ಕಿ ವರ್ಷಗಟ್ಟಲೆ ಮರಿ ಮಾಡದಿದ್ದರೂ ಗುಂಪು ತಟ್ಟನೆ ಕರಗುವುದಿಲ್ಲ. ಅದೇ ಮುದಿ ಹಕ್ಕಿಗಳು ಅದೇ ಕೆಸರಿಗೆ ಬರುತ್ತಿರುತ್ತವೆ, ಖಾಡಿ ಗುಲಾಬಿಯಾಗಿಯೇ ಕಾಣುತ್ತದೆ. ಬೇರೆಡೆಯ ಜೌಗು ಹಾಳಾಗಿ ಅಲ್ಲಿಯವು ಇಲ್ಲಿಗೆ ಬಂದು ಸೇರಿದರೂ ಸಂಖ್ಯೆ ಏರುತ್ತದೆ. ಏರಿದ ಸಂಖ್ಯೆ ಸುಖದ್ದೋ, ನಿರಾಶ್ರಿತರದ್ದೋ ಎಂಬುದನ್ನು ತಲೆ ಎಣಿಸಿ ತಿಳಿಯಲಾಗದು. ಹೋದ ವರ್ಷ ಇದ್ದವುಗಳಲ್ಲಿ ಎಷ್ಟು ಈ ವರ್ಷ ತಿರುಗಿ ಬಂದವು ಎಂಬುದನ್ನು ಗುರುತು ಹಾಕಿದ ಕಾಲುಗಳು ಮಾತ್ರ ಹೇಳಬಲ್ಲವು. 2024ರ ಮೇ ತಿಂಗಳಲ್ಲಿ ಘಾಟ್‌ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ತಾಗಿ ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಒಂದೇ ರಾತ್ರಿ ಸತ್ತವು. ಲಕ್ಷದಲ್ಲಿ ಮೂವತ್ತು ಯಾವ ಲೆಕ್ಕ ಎಂದವರಿದ್ದರು. ಬಲಿತ ಹಕ್ಕಿಯ ಬದುಕೇ ಗುಂಪಿನ ಬಂಡವಾಳವಾಗಿರುವಲ್ಲಿ ಆ ಮಾತನ್ನು ಲೆಕ್ಕ ನೋಡದೆ ಆಡಬಾರದು.

2022ರಲ್ಲಿ ಸೊಸೈಟಿಯವರು ಆರು ರಾಜಹಂಸಗಳಿಗೆ ಜಿ.ಪಿ.ಎಸ್. ಕಟ್ಟಿದರು. ಕೆಲವಕ್ಕೆ ಸಲೀಂ, ಹುಮಾಯೂನ್, ಮೆಕ್ಯಾನ್ ಎಂದು ಹಳೆಯ ಪಕ್ಷಿಪ್ರೇಮಿಗಳ ಹೆಸರುಗಳನ್ನು ಇಟ್ಟರು. ಹುಮಾಯೂನ್ ಗುಜರಾತಿನ ಕಡೆ ಹಾರಿದ್ದನ್ನು ಊರಿಗೆ ಊರೇ ಸಂಭ್ರಮದಿಂದ ಓದಿತು. ದಾರಿ ತೋರಿಸುವುದರಲ್ಲಿ ಆ ಉಪಕರಣಕ್ಕೆ ಸಾಟಿಯಿಲ್ಲ. ಆದರೆ ಆರು ಹಕ್ಕಿಗಳ ಬದುಕಿನಿಂದ ಲಕ್ಷದ ಅಳಿವು ಉಳಿವನ್ನು ಅಳೆಯಲಾಗದು. ಅದಕ್ಕೆ ನೂರಾರು ಕಾಲುಗಳು ಬೇಕು, ಹತ್ತಾರು ವರ್ಷ ಬೇಕು, ಪ್ರತಿ ಚಳಿಗಾಲ ಅದೇ ಬದುವಿಗೆ ಹೋಗಿ ನಿಲ್ಲುವ ಜನ ಬೇಕು. ಸಂಶೋಧನೆಗೆ ಹಣ ಮಂಜೂರಾಗುವುದು ಎರಡು ವರ್ಷಕ್ಕೆ, ಮೂರು ವರ್ಷಕ್ಕೆ. ಹಕ್ಕಿಯ ಆಯಸ್ಸು ಅದಕ್ಕಿಂತ ಉದ್ದ. ಡನೆಟ್ ಅವರಂತೆ 35 ವರ್ಷ ಒಂದೇ ಗುಂಪಿನ ಜೊತೆ ಇರಲು ನಮ್ಮ ಖಾಡಿಗೂ ಯಾರಾದರೂ ಬೇಕು, ಅವರಿಗೆ ಸಂಬಳ ಕೊಡುವವರೂ ಬೇಕು.

ಕೊನೆಯದಾಗಿ ಕೇಳುಗರಲ್ಲಿ ಒಂದು ವಿನಂತಿ. ಸತ್ತ ಹಕ್ಕಿಯ ಕಾಲಲ್ಲಿ ಉಂಗುರ ಕಂಡರೆ ಅದರ ಮೇಲಿರುವ ಅಕ್ಷರ, ಅಂಕಿ ಎಲ್ಲವನ್ನೂ ಬರೆದುಕೊಳ್ಳಿ, ಆಗುವುದಾದರೆ ಫೋಟೋ ತೆಗೆಯಿರಿ. ಸಿಕ್ಕ ಜಾಗ, ತಾರೀಖು ಬರೆಯಿರಿ. ಜೀವವಿರುವ ಹಕ್ಕಿಯಾದರೆ ಉಂಗುರ ತೆಗೆಯಬೇಡಿ, ಓದಿಕೊಂಡು ಬಿಟ್ಟುಬಿಡಿ. ಹಾರ್ನ್‌ಬಿಲ್ ಹೌಸಿಗೆ ಒಂದು ಕಾರ್ಡು ಬರೆದರೂ ಸಾಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಖಾಡಿಯ ಆಚೆ ದಡದಲ್ಲಿ ಕೋಳಿ ಸಮುದಾಯದ ಮೀನುಗಾರರೊಬ್ಬರ ದೋಣಿಯಲ್ಲಿ ಕುಳಿತಿದ್ದಾಗ, ಅವರ ಬೀಗದಕೈ ಗೊಂಚಲಿನಲ್ಲಿ ಸಣ್ಣ ಬಿಳಿ ಉಂಗುರವೊಂದು ಕಂಡಿತು. ಎಷ್ಟೋ ವರ್ಷದ ಹಿಂದೆ ಬಲೆಯಲ್ಲಿ ಸತ್ತು ಸಿಕ್ಕಿದ್ದ ಹಕ್ಕಿಯದಂತೆ. ಚಂದ ಕಂಡಿತು, ಇಟ್ಟುಕೊಂಡೆ ಎಂದರು. ಕೀಲಿಗಳಿಗೆ ಉಜ್ಜಿ ಉಜ್ಜಿ ಅಕ್ಷರಗಳು ಸವೆದಿದ್ದವು. ಉಂಗುರವನ್ನು ಬಿಡಿಸಿ, ಚಪ್ಪಟೆ ಮಾಡಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆವು. ಒಂದೊಂದೇ ಅಂಕಿ ಕಾಗದದ ಮೇಲೆ ಎದ್ದು ಬಂತು. ಕೊನೆಯ ಒಂದು ಮಾತ್ರ ಬಿಡಿಸಲಾಗಲಿಲ್ಲ. ಬಿಸಿಲಿಗೆ ಹಿಡಿದು ನೋಡಿದೆವು, ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆವು. ಅವರಿಗೆ ಅದು 3ರ ಹಾಗೆ ಕಂಡಿತು, ನನಗೆ 8ರ ಹಾಗೆ.